ಗೆಂಡೆಯ ಗಾಳಕ್ಕೆ ಎಣ್ಣೆ ಎರೆ: ಕೆರೆಗೆ ಮುಂಚೆ ಗಾಜಿನ ಲೋಟದಲ್ಲಿ

ಹೊಸೂರು, ಡೆಂಕಣಿಕೋಟೆ, ತಳಿಯ ಸುತ್ತಮುತ್ತಲ ಕೆರೆಗಳಲ್ಲಿ ಗಾಳ ಹಾಕಿ ಕೂರುವವರ ಚೀಲದಲ್ಲಿ ರಾಗಿ ಹಿಟ್ಟಿನ ಉಂಡೆಯ ಜೊತೆಗೆ ಒಂದು ಪುಟ್ಟ ಎಣ್ಣೆ ಸೀಸೆಯೂ ಸಾಮಾನ್ಯವಾಗಿ ಇರುತ್ತದೆ. ಒಬ್ಬರದು ಗಾಣದ ಕಡಲೆಕಾಯಿ ಎಣ್ಣೆ, ಇನ್ನೊಬ್ಬರದು ಹುಚ್ಚೆಳ್ಳೆಣ್ಣೆ, ಮತ್ತೊಬ್ಬರದು ಕೇರಳದ ಕಡೆಯಿಂದ ತರಿಸಿದ ಮತ್ತಿ ಮೀನಿನ ಎಣ್ಣೆ. ಇವುಗಳಲ್ಲಿ ಯಾವುದು ಮೇಲು ಎಂಬ ವಾದ ಏರಿಯ ಮೇಲೆ ಹೊತ್ತು ಮುಳುಗುವವರೆಗೂ ನಡೆಯುತ್ತದೆ. ನಾನು ಕಂಡುಕೊಂಡ ಮಟ್ಟಿಗೆ ಎಣ್ಣೆಯ ಜಾತಿಗಿಂತ ಅದರ ಪ್ರಮಾಣ ಮತ್ತು ಅದು ಎರೆಯಿಂದ ನೀರಿಗೆ ಇಳಿಯುವ ರೀತಿ ಹೆಚ್ಚು ಮುಖ್ಯ, ಮತ್ತು ಅದನ್ನು ಕೆರೆಯಲ್ಲಿ ಕಾಣುವುದಕ್ಕಿಂತ ಮನೆಯ ಅಡುಗೆಕಟ್ಟೆಯ ಮೇಲೆ ಸ್ಪಷ್ಟವಾಗಿ ಕಾಣಬಹುದು.

ಎಣ್ಣೆ ನೀರಿನಲ್ಲಿ ಕರಗುವುದಿಲ್ಲ ಎಂಬ, ಎಲ್ಲರಿಗೂ ಗೊತ್ತಿರುವ ಸಂಗತಿಯನ್ನೇ ಎರೆ ಕಲಸುವಾಗ ನಾವು ಮರೆಯುತ್ತೇವೆ. ಸಾಮಾನ್ಯ ಗೆಂಡೆಯ (ಕಾಮನ್ ಕಾರ್ಪ್ ಮೀನಿನ) ಬಾಯಿಯ ಬಳಿ ಎರಡು ಜೊತೆ ಮೀಸೆಗಳಿದ್ದು, ಅವುಗಳಲ್ಲಿಯೂ ತುಟಿಗಳಲ್ಲಿಯೂ ರುಚಿಮೊಗ್ಗುಗಳು ದಟ್ಟವಾಗಿವೆ. ಆದರೆ ದೂರದಿಂದ ಅದನ್ನು ಕರೆಯುವವು ನೀರಿನಲ್ಲಿ ಕರಗಿ ಹರಡಬಲ್ಲ ಪದಾರ್ಥಗಳು, ಮುಖ್ಯವಾಗಿ ಪ್ರೋಟೀನು ಒಡೆದಾಗ ಸಿಗುವ ಅಮೈನೊ ಆಮ್ಲಗಳು. ಎಣ್ಣೆ ಆ ಕೆಲಸವನ್ನು ನೇರವಾಗಿ ಮಾಡದು. ಅದು ಸಣ್ಣ ಹನಿಗಳಾಗಿ ಮೇಲೇಳುತ್ತಾ ಎರೆಯ ಪುಡಿಯನ್ನೂ ವಾಸನೆಯನ್ನೂ ಜೊತೆಗೆ ಒಯ್ಯಬಲ್ಲದು, ಎರೆ ಬಾಯಿಗೆ ಬಂದಾಗ ರುಚಿ ಕೊಡಬಲ್ಲದು. ಅತಿಯಾದರೆ ಇದೇ ಎಣ್ಣೆ ಉಂಡೆಯ ಮೈಗೆ ಮುಚ್ಚಳದಂತೆ ಕೂತು, ನೀರು ಒಳಗೆ ಹೋಗದಂತೆ, ಒಳಗಿನ ಬೆಲ್ಲ, ಉಪ್ಪು, ಹಿಂಡಿಯ ಸಾರ ಹೊರಗೆ ಬರದಂತೆ ತಡೆಯುತ್ತದೆ. ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಸಿದ ಉಂಡೆಗೆ ಮೂರು ತಾಸು ಕಾದರೂ ಬೆಂಡು ಅಲುಗದೆ ಇರುವುದಕ್ಕೆ ಬಹುಪಾಲು ಇದೇ ಕಾರಣ.

ಪ್ರಯೋಗಕ್ಕೆ ಬೇಕಾದ ಹಿಟ್ಟು ನಮ್ಮ ಸೀಮೆಯಲ್ಲಿ ಹೊಸದೇನೂ ಅಲ್ಲ. ರಾಗಿ ಹಿಟ್ಟು 250 ಗ್ರಾಂ, ಪುಡಿ ಮಾಡಿದ ಕಡಲೆಕಾಯಿ ಹಿಂಡಿ 200 ಗ್ರಾಂ, ಅಕ್ಕಿ ತೌಡು 100 ಗ್ರಾಂ, ಚಿರೋಟಿ ರವೆ 50 ಗ್ರಾಂ ಒಣದಾಗಿಯೇ ಚೆನ್ನಾಗಿ ಬೆರೆಸಿ, 200 ಗ್ರಾಮಿನ ಮೂರು ಪಾಲು ಮಾಡಿಕೊಳ್ಳಬೇಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗಾಣದ ಹಿಂಡಿಯಲ್ಲಿ ಸಾಕಷ್ಟು ಎಣ್ಣೆ ಉಳಿದಿರುತ್ತದೆ, ಹಸಿ ತೌಡಿನಲ್ಲಿಯೂ ಎಣ್ಣೆ ಇರುತ್ತದೆ. ಕಾರ್ಖಾನೆಯಲ್ಲಿ ಎಣ್ಣೆ ತೆಗೆದ ತೌಡು, ಹಿಂಡಿಗಳಲ್ಲಿ ಅದು ಬಹಳ ಕಡಿಮೆ. ಆದ್ದರಿಂದ ಒಮ್ಮೆ ಒಂದು ಬಗೆ, ಮತ್ತೊಮ್ಮೆ ಇನ್ನೊಂದು ಬಗೆ ಬಳಸಿದರೆ ಸೀಸೆಯಿಂದ ಹಾಕಿದ ಎಣ್ಣೆಯ ಲೆಕ್ಕವೇ ಸುಳ್ಳಾಗುತ್ತದೆ. ಹಸಿ ತೌಡು ಕೆಲವೇ ದಿನಗಳಲ್ಲಿ ಕಮಟು ಹಿಡಿಯುವುದರಿಂದ ಹೊಸದನ್ನೇ ತರಬೇಕು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದಾದ್ದರಿಂದ, ಮೀನಿಗೆ ತಾನೇ ಎಂದು ಅದನ್ನು ಬಳಸುವುದು ತಪ್ಪು.

ಮೊದಲ ಪಾಲಿಗೆ ಎಣ್ಣೆ ಬೇಡ. ಎರಡನೆಯದಕ್ಕೆ ಒಂದು ಟೀ ಚಮಚ, ಅಂದರೆ 5 ಮಿಲಿ. ಮೂರನೆಯದಕ್ಕೆ ನಾಲ್ಕು ಚಮಚ, 20 ಮಿಲಿ. ಮೂರಕ್ಕೂ ಒಂದೊಂದು ಮೊಟ್ಟೆ ಸೇರಿಸಬೇಕು, ಆದರೆ ಮೊಟ್ಟೆಯನ್ನು ಒಡೆದು ಹಿಟ್ಟಿಗೆ ನೇರವಾಗಿ ಸುರಿಯದೆ, ಹಳದಿಯನ್ನು ಬೇರೆ ಮಾಡಿ, ಎಣ್ಣೆಯ ಎರಡು ಪಾಲುಗಳಲ್ಲಿ ಅದಕ್ಕೆ ಎಣ್ಣೆಯನ್ನು ಹನಿಹನಿಯಾಗಿ ಬಿಡುತ್ತಾ ಗಟ್ಟಿಯಾಗುವವರೆಗೆ ಕಡೆಯಬೇಕು. ಹಳದಿಯಲ್ಲಿರುವ ಲೆಸಿಥಿನ್ ಎಣ್ಣೆಯನ್ನು ಅತಿ ಸಣ್ಣ ಹನಿಗಳಾಗಿ ಒಡೆದು ಹಿಡಿದಿಡುವುದರಿಂದ, ಅಂಥ ಎಣ್ಣೆ ನೀರಿಗೆ ಬಂದಾಗ ಪೊರೆಯಾಗಿ ತೇಲುವ ಬದಲು ಹಾಲಿನಂತೆ ಹರಡುತ್ತದೆ. ಬಳಿಕ ಬಿಳಿಯನ್ನೂ ಬೇಕಾದಷ್ಟು ನೀರನ್ನೂ ಸೇರಿಸಿ, ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ನಾದಿ, ಗೋಲಿ ಗಾತ್ರದ ಉಂಡೆ ಕಟ್ಟಿ, ಕುದಿಯುವ ನೀರಿನಲ್ಲಿ ಎರಡು ನಿಮಿಷ ಬೇಯಿಸಿ, ಬಟ್ಟೆಯ ಮೇಲೆ ನೆರಳಿನಲ್ಲಿ ಒಂದು ರಾತ್ರಿ ಆರಿಸಬೇಕು. ಮೂರನೆಯ ಪಾಲಿನ ಉಂಡೆಗಳು ಬೇಯುವಾಗಲೇ ಬಿರುಕು ಬಿಟ್ಟರೆ ಆಶ್ಚರ್ಯ ಬೇಡ, ಜಿಡ್ಡು ಹೆಚ್ಚಿದಷ್ಟೂ ಹಿಟ್ಟಿನ ಕಟ್ಟು ಸಡಿಲವಾಗುತ್ತದೆ. ಬಿರಿದವನ್ನೂ ಎಸೆಯದೆ ಎಷ್ಟು ಬಿರಿದವು ಎಂದು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಮೂರು ಗಾಜಿನ ಲೋಟಗಳಿಗೆ ನಲ್ಲಿಯ ನೀರಲ್ಲ, ಗಾಳ ಹಾಕಲಿರುವ ಕೆರೆಯ ನೀರನ್ನೇ ತುಂಬಿ, ಒಂದೊಂದಕ್ಕೂ ಒಂದೊಂದು ಪಾಲಿನ ಉಂಡೆ ಬಿಟ್ಟು, ಹತ್ತು ನಿಮಿಷ, ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆಗಳಿಗೊಮ್ಮೆ ಬೆಳಕಿಗೆ ಹಿಡಿದು ನೋಡಬೇಕು. ಗಮನಿಸಬೇಕಾದದ್ದು ಮೂರು ಸಂಗತಿ: ನೀರಿನ ಮೇಲೆ ಎಣ್ಣೆಯ ಬಣ್ಣದ ಪೊರೆ ಎಷ್ಟು ಬೇಗ ಬಂತು, ಉಂಡೆಯ ಸುತ್ತ ನೀರು ಎಷ್ಟು ಮಸುಕಾಯಿತು, ಎರಡು ಗಂಟೆಯ ಬಳಿಕ ಬೆರಳಿನಲ್ಲಿ ಒತ್ತಿದರೆ ಉಂಡೆ ಎಷ್ಟು ಮೆತ್ತಗಾಗಿದೆ. ಪೊರೆ ಮಾತ್ರ ದಪ್ಪಗೆ ಬಂದು ನೀರು ತಿಳಿಯಾಗಿಯೇ ಉಳಿದಿದ್ದರೆ ಆ ಎರೆ ತನ್ನ ಸಾರವನ್ನು ಬಿಟ್ಟಿಲ್ಲವೆಂದೇ ಅರ್ಥ. ನನ್ನ ಕೈಯಲ್ಲಿ ಹೆಚ್ಚು ಬಾರಿ ಗೆದ್ದದ್ದು ಒಂದು ಚಮಚದ ಪಾಲು, ಅದೂ ಹಳದಿಯೊಂದಿಗೆ ಕಡೆದದ್ದು. ಹಾಗೆಯೇ ಸುರಿದು ಕಲಸಿದ ಒಂದು ಚಮಚ ಅಷ್ಟು ಫಲ ಕೊಡಲಿಲ್ಲ.

ಲೋಟವನ್ನು ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿಡಬಾರದು ಎಂಬುದನ್ನು ನಾನು ಪೆಟ್ಟು ತಿಂದು ಕಲಿತೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಮಾರ್ಗಶಿರ, ಪುಷ್ಯದ ಬೆಳಗುಗಳಲ್ಲಿ ಕೆರೆ ನೀರು ಚೆನ್ನಾಗಿ ತಣ್ಣಗಾಗಿರುತ್ತದೆ. ಕೊಬ್ಬರಿ ಎಣ್ಣೆಯೋ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವ ಸ್ವಭಾವದ್ದು. ಬೇಸಿಗೆಯಲ್ಲಿ ನನಗೆ ಒಲಿದಿದ್ದ ಅದೇ ಎರೆಯನ್ನು ಡಿಸೆಂಬರಿನಲ್ಲಿ ಒಯ್ದು, ಮೂರು ದಿನ ಬರಿಗೈಯಲ್ಲಿ ಬಂದ ಮೇಲೆ ಉಂಡೆಯೊಂದನ್ನು ಮುರಿದು ನೋಡಿದರೆ, ಮೇಲೆಲ್ಲ ಮೇಣ ಸವರಿದಂತೆ ಬಿಳಿಯ ಪದರ! ಅಂದಿನಿಂದ ಚಳಿಗಾಲದ ಲೋಟಗಳು ರಾತ್ರಿ ಹಿತ್ತಿಲಿನಲ್ಲೇ ಇರುತ್ತವೆ. ತಂಪು ನೀರಿಗೆ ಕಡಲೆಕಾಯಿ, ಹುಚ್ಚೆಳ್ಳು, ಎಳ್ಳು ಅಥವಾ ಮೀನೆಣ್ಣೆ ಸರಿ, ಅವು ನಮ್ಮ ಚಳಿಗೆ ಹೆಪ್ಪುಗಟ್ಟುವುದಿಲ್ಲ. ಆದರೂ ತಂಪಿನಲ್ಲಿ ಗೆಂಡೆಯ ಜೀರ್ಣಶಕ್ತಿ ಕುಗ್ಗುವುದರಿಂದ ಪ್ರಮಾಣವನ್ನು ಅರ್ಧಕ್ಕಿಳಿಸುವುದು ಲೇಸು. ಹರಳೆಣ್ಣೆ, ಬೇವಿನೆಣ್ಣೆ ಬೇಡವೇ ಬೇಡ. ಮೀನೆಣ್ಣೆ ಗಾಳಿಗೆ ಬಲು ಬೇಗ ಕಮಟುವುದರಿಂದ ಸಣ್ಣ ಕಪ್ಪು ಸೀಸೆಯಲ್ಲಿ ಕುತ್ತಿಗೆಯವರೆಗೆ ತುಂಬಿ ತಂಪಿನಲ್ಲಿಡಬೇಕು.

ಎಣ್ಣೆಯನ್ನು ಹೊರಗಿನಿಂದ ಸವರುವ ಆಸೆ ಇದ್ದವರು ಕ್ರಮವನ್ನು ತಿರುಗಿಸಿದರೆ ಸಾಕು. ಆರಿದ ಉಂಡೆಯನ್ನು ಮೊದಲು ಬೆಲ್ಲದ ನೀರಿನಲ್ಲೋ ಹುಳಿ ಬಂದ ರಾಗಿ ಅಂಬಲಿಯ ತಿಳಿಯಲ್ಲೋ ಅರ್ಧ ಗಂಟೆ ನೆನೆಸಿ, ಮೇಲ್ಮೈ ಒಣಗಿದ ಮೇಲೆ, ಗಾಳಕ್ಕೆ ಕಟ್ಟುವ ಮುಂಚೆ ಎರಡು ಹನಿ ಎಣ್ಣೆಯನ್ನು ಅಂಗೈಯಲ್ಲಿ ಸವರಿ ಉರುಳಿಸಬೇಕು. ಉಂಡೆಯನ್ನು ಕೊಕ್ಕೆಗೆ ಚುಚ್ಚದೆ, ಕೊಕ್ಕೆಯಿಂದ ಹೊರಟ ಗಿಡ್ಡ ದಾರದ ತುದಿಗೆ ಪೋಣಿಸುವ ಹೇರ್ ರಿಗ್ ವಿಧಾನ ಇಂಥ ಎರೆಗೆ ಹೊಂದುತ್ತದೆ. 1980ರ ಸುಮಾರಿಗೆ ಇಂಗ್ಲೆಂಡಿನ ಲೆನ್ನಿ ಮಿಡಲ್‌ಟನ್ ಮತ್ತು ಕೆವಿನ್ ಮ್ಯಾಡಕ್ಸ್ ರೂಪಿಸಿದ ಈ ಕಟ್ಟಿನಲ್ಲಿ ಕೊಕ್ಕೆಯ ಮೊನೆ ಹಿಟ್ಟಿನಲ್ಲಿ ಹುದುಗದೆ ಹೊರಗೇ ಇರುತ್ತದೆ, ಬೆಂದು ಗಟ್ಟಿಯಾದ ಉಂಡೆಯನ್ನು ಜಿಲೇಬಿ ಮೀನುಗಳು ಬೇಗನೆ ಕಿತ್ತು ತಿನ್ನಲೂ ಆಗದು.

ಲೋಟದಲ್ಲಿ ಗೆದ್ದ ಎರೆ ಕೆರೆಯಲ್ಲಿಯೂ ಗೆಲ್ಲಬೇಕೆಂಬ ನಿಯಮವಿಲ್ಲ. ಆದ್ದರಿಂದ ಎರಡು ಗಾಳಗಳನ್ನು ಐದಾರು ಅಡಿ ಅಂತರದಲ್ಲಿ ಒಂದೇ ಆಳಕ್ಕೆ ಬಿಟ್ಟು, ಒಂದಕ್ಕೆ ಎಣ್ಣೆಯಿಲ್ಲದ ಉಂಡೆ, ಇನ್ನೊಂದಕ್ಕೆ ಎಣ್ಣೆಯದು ಕಟ್ಟಿ, ಗಂಟೆಗೊಮ್ಮೆ ಅವುಗಳ ಜಾಗವನ್ನು ಅದಲುಬದಲು ಮಾಡಬೇಕು; ಇಲ್ಲದಿದ್ದರೆ ಜಾಗದ ಗುಣವನ್ನು ಎಣ್ಣೆಯ ಗುಣವೆಂದು ಭ್ರಮಿಸುತ್ತೇವೆ. ಎರಡು ಬದಲಾವಣೆಗಳನ್ನು ಒಂದೇ ದಿನ ಮಾಡಬಾರದು. ಪುಸ್ತಕದಲ್ಲಿ ನೀರಿನ ಉಷ್ಣತೆ, ಗಾಳಿಯ ದಿಕ್ಕು, ಕಚ್ಚಿದ ಹೊತ್ತು ಮತ್ತು ಮೀನಿನ ಜಾತಿಯನ್ನು ಬರೆಯಬೇಕು. ಜಾತಿಯನ್ನು ಬಿಡುವಂತಿಲ್ಲ, ಏಕೆಂದರೆ ಸಾಮಾನ್ಯ ಗೆಂಡೆ ಮತ್ತು ಮೃಗಾಲ್ ತಳದಲ್ಲಿ ಮೇಯುತ್ತವೆ, ರೋಹು ನಡುನೀರಿನಲ್ಲಿ, ಬಾಯಿ ಮೇಲ್ಮುಖವಾಗಿರುವ ಕಾಟ್ಲಾ ಮೇಲ್ನೀರಿನಲ್ಲಿ. ಅಲೆಗಳ ನಡುವೆ ನುಣುಪಾಗಿ ಹೊಳೆಯುವ ಎಣ್ಣೆಯ ಪಟ್ಟೆ ಕಂಡರೆ ಎರೆ ಕೆಲಸ ಮಾಡುತ್ತಿದೆ ಎಂದು ಹಿಗ್ಗುವವರು, ಆ ಪಟ್ಟೆ ಗಾಳಿಯೊಂದಿಗೆ ಸರಿದು ತಳದ ಎರೆಯಿಂದ ಎಷ್ಟೋ ದೂರ ಹೋಗಿರುತ್ತದೆ ಎಂಬುದನ್ನು ಗಮನಿಸಬೇಕು.

ಕೆರೆಗಳು ಬಹುಪಾಲು ಮೀನಿನ ಗುತ್ತಿಗೆಯಲ್ಲಿರುವುದರಿಂದ ಮೊದಲು ಕೇಳಿ ಒಪ್ಪಿಗೆ ಪಡೆಯಬೇಕು. ಕಾವೇರಿ ದಂಡೆಯ ವನ್ಯಧಾಮದೊಳಗೆ ಗಾಳವನ್ನು ಚೀಲದಿಂದ ತೆಗೆಯಲೇಬಾರದು. ದಕ್ಷಿಣ ಪಿನಾಕಿನಿಯ ಕೆಲವರಪಳ್ಳಿ ಜಲಾಶಯದಲ್ಲಿ ನೊರೆ ಎದ್ದ ದಿನಗಳಲ್ಲಿ ನಾನು ಪ್ರಯೋಗವನ್ನೇ ಮಾಡುವುದಿಲ್ಲ. ನೊರೆ ಎಬ್ಬಿಸುವ ಮಾರ್ಜಕಗಳು ಎಣ್ಣೆಯನ್ನು ಒಡೆಯುವುದರಿಂದ ಆ ದಿನದ ಬರಹ ಬೇರೆ ದಿನಗಳೊಂದಿಗೆ ಹೋಲಿಕೆಗೆ ಬಾರದು, ಹಿಡಿದ ಮೀನನ್ನು ಮನೆಗೆ ಒಯ್ಯುವ ಮನಸ್ಸೂ ಆಗದು. ಉಳಿದ ಎಣ್ಣೆಯನ್ನು ಎಂದಿಗೂ ನೀರಿಗೆ ಚೆಲ್ಲದೆ ಸೀಸೆಯಲ್ಲೇ ಮನೆಗೆ ತರಬೇಕು. ಕೈಯನ್ನು ಸೀಗೆಪುಡಿಯಿಂದ ತೊಳೆದ ಬಳಿಕವೇ ದಾರದ ಗಂಟು ಹಾಕಬೇಕು, ಏಕೆಂದರೆ ಜಿಡ್ಡುಗೈಯಲ್ಲಿ ಗಂಟನ್ನು ಬಿಗಿಯಾಗಿ ಎಳೆಯಲಾಗದೆ, ದೊಡ್ಡ ಮೀನು ಎಳೆದಾಗಲೇ ಅದು ಜಾರುತ್ತದೆ.