ಹಳೆ ವಿಲ್ಲೀಸ್ ಟ್ರಕ್: ಕಣ್ಣಿಗೆ ಕಾಣೋದು ಕಂಪನಿಯದ್ದು, ಕಾಣದ್ದು ನನ್ನದು

ಹಳೆ ಫೋರ್ ವೀಲ್ ಡ್ರೈವ್ ಗಾಡಿ ಕೈಗೆ ಸಿಕ್ಕಿದರೆ ಹೆಚ್ಚಿನವರು ಮಾಡೋದು ಒಂದೇ. ದಪ್ಪ ಟೈರ್ ಹಾಕಿಸ್ತಾರೆ, ಸಸ್ಪೆನ್ಷನ್ ಎತ್ತರಿಸ್ತಾರೆ, ಮುಂದೆ ದೊಡ್ಡ ಬಂಪರ್, ತಲೆ ಮೇಲೆ ಸಾಲು ದೀಪ. ಅದು ಅವರವರ ಇಷ್ಟ. ನನಗೆ ಬೇಕಿದ್ದದ್ದು ಬೇರೆ. ನನ್ನ 1952ರ ವಿಲ್ಲೀಸ್ (ಜೀಪ್ ತಯಾರಿಸಿದ ಅಮೆರಿಕದ ಕಂಪನಿ) ಪಿಕಪ್ ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತೋ ನೋಡೋಕೆ ಹಾಗೇ ಇರಬೇಕು. ಆದರೆ ಈಗಿನ ರಸ್ತೆಗೆ ಇಳಿಸಿದಾಗ ಎದೆ ಡವಡವ ಅನ್ನಬಾರದು.

ಅದಕ್ಕೆ ಒಂದು ನಿಯಮ ಇಟ್ಟುಕೊಂಡೆ. ಬಾನೆಟ್ ಎತ್ತಿ ನೋಡುವವನಿಗೆ, ಬಾಗಿಲು ತೆಗೆದು ಕೂರುವವನಿಗೆ ಕಾಣುವ ಯಾವ ಭಾಗವನ್ನೂ ಬದಲಿಸಬಾರದು. ಗಾಡಿ ಅಡಿಗೆ ಮಲಗಿ ಟಾರ್ಚ್ ಬಿಟ್ಟರೆ ಮಾತ್ರ ಕಾಣುವ ಜಾಗದಲ್ಲಿ, ಸುರಕ್ಷತೆಗೆ ಬೇಕಾದದ್ದನ್ನು ಧಾರಾಳವಾಗಿ ಬದಲಿಸಬಹುದು. ಹೇಳೋಕೆ ಸುಲಭ. ಪಾಲಿಸೋಕೆ ಹೊರಟಾಗಲೇ ಗೊತ್ತಾಗೋದು, ಅಡ್ಡ ಬರೋದು ತುಕ್ಕಲ್ಲ, 'ಇನ್ನೂ ಸ್ವಲ್ಪ ಚೆನ್ನಾಗಿ ಮಾಡೋಣ' ಅನ್ನೋ ನಮ್ಮ ಆಸೆ ಅಂತ.

ಮೊದಲು ಒರಿಜಿನಲ್ ಅಂದರೆ ಯಾವುದು ಅಂತ ತಿಳಿಯಬೇಕಲ್ವಾ? ಈ ಟ್ರಕ್ ತಯಾರಾದದ್ದು 1947ರಿಂದ 1965ರವರೆಗೆ. ವಿನ್ಯಾಸ ಬ್ರೂಕ್ಸ್ ಸ್ಟೀವನ್ಸ್ ಅವರದ್ದು. 1946ರಲ್ಲಿ ಬಂದ ಜೀಪ್ ಸ್ಟೇಷನ್ ವ್ಯಾಗನ್‌ನ ಮುಖವೇ ಇದಕ್ಕೂ. ವೀಲ್‌ಬೇಸ್ 118 ಇಂಚು. 1950ರಲ್ಲಿ ಚಪ್ಪಟೆ ಮುಖ ಹೋಗಿ, ನಡುವೆ ಸ್ವಲ್ಪ ಚೂಪಾದ ಗ್ರಿಲ್ ಬಂತು. ಆ ಗ್ರಿಲ್ ಮೇಲೆ ಮೊದಲು 5 ಅಡ್ಡಪಟ್ಟಿ, 1954ರ ಮಾಡೆಲ್‌ನಿಂದ 3. ನನ್ನ ಗಾಡಿಗೆ ಯಾರೋ ಮುಂದಿನ ವರ್ಷಗಳ ಮೂರು ಪಟ್ಟಿಯ ಗ್ರಿಲ್ ಕೂರಿಸಿದ್ದರು. ನೂರಕ್ಕೆ ತೊಂಬತ್ತು ಜನಕ್ಕೆ ಅದು ಗೊತ್ತೂ ಆಗಲ್ಲ. ಆದರೂ ಸರಿಯಾದದ್ದು ಹುಡುಕಿ ಹಾಕಿದೆ. ಮೆಕ್ಯಾನಿಕಲ್ ಕೈಪಿಡಿ ಮತ್ತು ಪಾರ್ಟ್ಸ್ ಪುಸ್ತಕ, ಇವೆರಡೂ ಮೇಜಿನ ಮೇಲೆ ಬರೋವರೆಗೆ ಸ್ಪ್ಯಾನರ್ ಮುಟ್ಟಬೇಡಿ. ಪಾರ್ಟ್ಸ್ ಪುಸ್ತಕದ ಚಿತ್ರಗಳಲ್ಲಿ ಯಾವ ವಾಷರ್ ಯಾವ ಕಡೆ ಅನ್ನೋದೂ ಇರುತ್ತದೆ.

ಬಿಚ್ಚುವ ಕೆಲಸದ ಬಗ್ಗೆ ಜಾಸ್ತಿ ಹೇಳಲ್ಲ. ಫೋಟೋ ತೆಗೆಯಿರಿ, ಬೋಲ್ಟುಗಳನ್ನು ಬೇರೆ ಬೇರೆ ಚೀಲಕ್ಕೆ ಹಾಕಿ ಚೀಟಿ ಅಂಟಿಸಿ. ಸಂದಿ ಹೊಂದಿಸಲು ಇಡುವ ತೆಳು ತಗಡಿನ ಬಿಲ್ಲೆ, ಅಂದರೆ ಶಿಮ್‌ಗಳನ್ನು ಮಾತ್ರ ಎಡ, ಬಲ, ಮೇಲೆ, ಕೆಳಗೆ ಅಂತ ಬರೆದು ತಂತಿಯಲ್ಲಿ ಪೋಣಿಸಿಡಿ.

ಎಂಜಿನ್ ವಿಷಯಕ್ಕೆ ಬರೋಣ. ಇದರಲ್ಲಿರೋದು ಹರಿಕೇನ್ ಎಫ್-134, ನಾಲ್ಕು ಸಿಲಿಂಡರ್, ಸುಮಾರು 2.2 ಲೀಟರ್. ವಿಚಿತ್ರ ಎಂಜಿನ್. ಇನ್‌ಟೇಕ್ ವಾಲ್ವ್ ಮೇಲೆ ಹೆಡ್‌ನಲ್ಲಿ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕ್‌ನಲ್ಲಿ. ಹೆಡ್ ಬಿಚ್ಚುವಾಗ ಇದರ ಒಂದು ಕಿತಾಪತಿ ಗೊತ್ತಿರಬೇಕು. ಸುತ್ತಲಿನ ಎಲ್ಲ ಬೋಲ್ಟು ತೆಗೆದರೂ ಹೆಡ್ ಅಲ್ಲಾಡಲ್ಲ. ಅಂಟಿಕೊಂಡಿದೆ ಅಂದುಕೊಂಡು ಸಂದಿಗೆ ಉಳಿ ಇಟ್ಟು ಹೊಡೆದು ಹೆಡ್ ಸೀಳಿಕೊಂಡವರಿದ್ದಾರೆ. ಕಾರ್ಬುರೇಟರ್ ತೆಗೆದು ಅದು ಕೂರುವ ತೂತಿನೊಳಗೆ ಟಾರ್ಚ್ ಬಿಡಿ. ಆಳದಲ್ಲಿ, ಪೆಟ್ರೋಲ್ ಮಸಿಯಲ್ಲಿ ಮುಳುಗಿ, ಇನ್ನೊಂದು ಬೋಲ್ಟಿನ ತಲೆ ಕಾಣುತ್ತದೆ. ನನ್ನದರಲ್ಲಿ ಮಸಿ ಎಷ್ಟು ಕಟ್ಟಿತ್ತು ಅಂದರೆ ಆರು ಮೂಲೆ ಇರೋದೇ ತಿಳಿಯುತ್ತಿರಲಿಲ್ಲ. ಸ್ಕ್ರೂಡ್ರೈವರ್ ತುದಿಯಿಂದ ಕೆರೆದು, ಕಾರ್ಬುರೇಟರ್ ಕ್ಲೀನರ್ ಹೊಡೆದು, ಬಟ್ಟೆಯಲ್ಲಿ ಒರೆಸಿದ ಮೇಲೆ ಸಾಕೆಟ್ ಹಿಡಿಯಿತು. ಅದು ಬಂದ ಮೇಲೆ ಹೆಡ್ ಸಲೀಸಾಗಿ ಮೇಲೆದ್ದಿತು. ವಾಪಸ್ ಕೂರಿಸುವಾಗಲೂ ಅದನ್ನು ಮರೆಯಬಾರದು.

ಎಂಜಿನ್‌ನಲ್ಲಿ ನಾನು ಆಧುನಿಕ ಅನ್ನುವಂಥದ್ದು ಏನೂ ಹಾಕಲಿಲ್ಲ. ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ಅಡಗುವ ಎಲೆಕ್ಟ್ರಾನಿಕ್ ಇಗ್ನಿಷನ್ ಸಿಗುತ್ತದೆ, ನನ್ನ ನಿಯಮಕ್ಕೂ ಅಡ್ಡಿ ಇಲ್ಲ. ಆದರೂ ಕಿಡಿಗಾಗಿ ತೆರೆದು ಮುಚ್ಚುವ ಹಳೆ ಪಾಯಿಂಟ್ ಉಳಿಸಿಕೊಂಡೆ. ಪಾಯಿಂಟಿನ ಸಂದಿ ಅಳೆಯುವ 0.020 ಇಂಚಿನ ಫೀಲರ್ ಗೇಜ್ ಒಂದು ಗಾಡಿಯಲ್ಲಿದ್ದರೆ ದಾರಿ ಮಧ್ಯೆ ನಿಂತರೂ ನಾನೇ ಸರಿ ಮಾಡಿಕೊಳ್ಳಬಹುದು. ಎಲೆಕ್ಟ್ರಾನಿಕ್ ಪೆಟ್ಟಿಗೆ ಸತ್ತರೆ ಕೈಕಟ್ಟಿ ಕೂರಬೇಕು. ಪ್ಲಗ್ ವೈರ್ ಜೋಡಿಸುವವರಿಗೆ ಒಂದು ಮಾತು, ಸಿಲಿಂಡರ್‌ಗಳಲ್ಲಿ ಕಿಡಿ ಬೀಳುವ ಕ್ರಮ, ಅಂದರೆ ಫೈರಿಂಗ್ ಆರ್ಡರ್, 1-3-4-2.

ಗೇರ್ ಬಾಕ್ಸ್ ಮೂರು ಗೇರಿನ ಟಿ-90, ಅದರ ಬೆನ್ನಿಗೆ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಡೇನಾ 18 ಟ್ರಾನ್ಸ್‌ಫರ್ ಕೇಸ್. ಈ ಎರಡರ ನಡುವೆ ಎಣ್ಣೆ ಆಚೀಚೆ ಹರಿಯುತ್ತದೆ. ಹಾಗಾಗಿ ಒಂದರಲ್ಲಿ ಮಟ್ಟ ನೋಡಿ ಸುಮ್ಮನಾಗಬಾರದು, ಎರಡೂ ಕಡೆ ನೋಡಬೇಕು. ಎಣ್ಣೆ ಆರಿಸುವಾಗಲೂ ಹುಷಾರು. ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಸಿಂಕ್ರೊನೈಸರ್ ರಿಂಗ್ ಹಿತ್ತಾಳೆ ಜಾತಿಯದ್ದು. ಕೆಲವು ಜಿಎಲ್-5 ದರ್ಜೆಯ ಗೇರ್ ಎಣ್ಣೆಯಲ್ಲಿರುವ ಗಂಧಕದ ರಾಸಾಯನಿಕ ಅದನ್ನು ತಿನ್ನುತ್ತದೆ. ನಾನು ಹಾಕಿದ್ದು ಜಿಎಲ್-4. ಟ್ರಾನ್ಸ್‌ಫರ್ ಕೇಸ್ ಬಿಚ್ಚಿದಾಗ ಇಂಟರ್‌ಮೀಡಿಯೆಟ್ ಶಾಫ್ಟ್ ಮೇಲೆ ಬೆರಳಾಡಿಸಿ. ಉಗುರಿಗೆ ಗೀರು ಸಿಕ್ಕಿದರೆ ಶಾಫ್ಟ್, ಬೇರಿಂಗ್ ಎರಡನ್ನೂ ಬದಲಿಸಿ. ಹೊಸ ಬೇರಿಂಗ್ ಮಾತ್ರ ಹಾಕಿದರೆ ಆ ಕಿರುಗುಟ್ಟುವ ಸದ್ದು ಮತ್ತೆ ಬರುತ್ತದೆ.

ಮುಂದಿನ ಆಕ್ಸಲ್ ತುದಿಯಲ್ಲಿ ಗುಂಡನೆಯ ಲೋಹದ ಚೆಂಡು, ಅದರ ಮೇಲೆ ಚಕ್ರ ಹಿಡಿದಿರುವ ಸ್ಟೀರಿಂಗ್ ನಕಲ್ (knuckle) ತಿರುಗುತ್ತದೆ. ಚೆಂಡಿನ ಮೈಯಲ್ಲಿ ತುಕ್ಕಿನ ಗುಳಿಗಳಿದ್ದರೆ ಎಷ್ಟು ಹೊಸ ಸೀಲ್ ಹಾಕಿದರೂ ಅವು ಹರಿದು ಗ್ರೀಸ್ ಸೋರುತ್ತದೆ. ಗುಳಿಗಳನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ, ಲೋಹದ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಸಣ್ಣ ಎಮರಿ ಪೇಪರ್ ಹಿಡಿದು ಕೈಯಿಂದಲೇ ನುಣುಪು ಮಾಡಿದೆ. ಕಣ್ಣು ಮುಚ್ಚಿ ಸವರಿದಾಗ ಎಲ್ಲೂ ತಡೆ ಸಿಗಬಾರದು, ಅದೇ ಪರೀಕ್ಷೆ. ಆ ನಕಲ್ ತಿರುಗುವ ಕೀಲು, ಅಂದರೆ ಕಿಂಗ್‌ಪಿನ್‌ನ ಬೇರಿಂಗ್ ಬಿಗಿತವನ್ನು ಸೀಲ್ ಹಾಕುವ ಮೊದಲೇ ತೂಕದ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡಿ, ಶಿಮ್ ತೆಗೆದು ಸೇರಿಸಿ ಹೊಂದಿಸಬೇಕು. ಇದು ಸಡಿಲವಿದ್ದರೆ ವೇಗದಲ್ಲಿ ಮುಂದಿನ ಚಕ್ರಗಳು ಗಡಗಡ ನಡುಗುತ್ತವೆ. ಜನ ಸ್ಟೀರಿಂಗ್ ಡ್ಯಾಂಪರ್ ಹಾಕಿ ಅದನ್ನು ಮುಚ್ಚಿಡುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ.

ಬ್ರೇಕ್ ವಿಷಯದಲ್ಲಿ ಮಾತ್ರ ನಾನು ಹಳೇದಕ್ಕೆ ಮರ್ಯಾದೆ ಕೊಡಲಿಲ್ಲ. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳಿಗೆ ತಳ್ಳುವ ಕಂಪನಿಯ ಮಾಸ್ಟರ್ ಸಿಲಿಂಡರ್ ಸಿಂಗಲ್ ಸರ್ಕಿಟ್. ಒಂದು ಕಡೆ ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಅದೃಷ್ಟಕ್ಕೆ ಅದು ಇರೋದು ಬಾನೆಟ್ ಒಳಗಲ್ಲ, ಫ್ಲೋರ್ ಅಡಿಯಲ್ಲಿ, ಚಾಸಿಗೆ ಅಂಟಿಕೊಂಡು. ಆ ಜಾಗದಲ್ಲೇ ಬ್ರಾಕೆಟ್ ಮಾಡಿಸಿ, ಎರಡು ಬೇರೆ ಬೇರೆ ಲೈನಿರುವ ಡ್ಯುಯಲ್ ಸರ್ಕಿಟ್ ಮಾಸ್ಟರ್ ಸಿಲಿಂಡರ್ ಕೂರಿಸಿದೆ. ಪೆಡಲ್ ಹಳೇದೇ, ಮೇಲಿಂದ ಯಾವ ವ್ಯತ್ಯಾಸವೂ ಕಾಣಲ್ಲ. ಡ್ರಮ್ ಬ್ರೇಕ್ ಆದ್ದರಿಂದ ಎರಡು ಲೈನಿಗೂ, ಪೆಡಲ್ ಬಿಟ್ಟ ಮೇಲೂ ಸ್ವಲ್ಪ ಒತ್ತಡ ಉಳಿಸುವ 10 ಪಿಎಸ್‌ಐ ರೆಸಿಡ್ಯುಯಲ್ ವಾಲ್ವ್ ಬೇಕು. ಹೊಸ ಮಾಸ್ಟರ್ ಸಿಲಿಂಡರ್ ಒಳಗೇ ಅದು ಇದೆಯೋ ಇಲ್ಲವೋ ಮೊದಲು ನೋಡಿ, ಎರಡೆರಡು ಆಗಬಾರದು. ಪೈಪ್ ಎಲ್ಲ ಹೊಸದು. ಡಿಸ್ಕ್ ಬ್ರೇಕ್ ಹಾಕಬಹುದಿತ್ತಲ್ಲ ಅಂತ ಕೇಳ್ತಾರೆ. ಹಾಕಬಹುದು. ಆದರೆ ಆ ಸಣ್ಣ ಚಕ್ರದ ಹಿಂದೆ ಕ್ಯಾಲಿಪರ್ ಎದ್ದು ಕಾಣುತ್ತದೆ. ಈ ಗಾಡಿ ಓಡುವ ವೇಗಕ್ಕೆ ಸರಿಯಾಗಿ ಅಡ್ಜಸ್ಟ್ ಮಾಡಿದ ಡ್ರಮ್ ಸಾಕು.

ಇನ್ನು ಕರೆಂಟು. ಗಾಡಿ 6 ವೋಲ್ಟಿನದು. ಸ್ಟಾರ್ಟರ್ ನರಳುತ್ತೆ, ಹೆಡ್‌ಲೈಟ್ ಮಂಕು, 12ಕ್ಕೆ ಬದಲಿಸಿ ಅಂತ ಎಲ್ಲರ ಸಲಹೆ. ತಪ್ಪು ಹೆಚ್ಚಾಗಿ 6 ವೋಲ್ಟಿನದ್ದಲ್ಲ, ಕೇಬಲ್ಲಿನದ್ದು. ಅಷ್ಟೇ ಪವರ್ ಬೇಕು ಅಂದರೆ 6 ವೋಲ್ಟಿನಲ್ಲಿ ಎರಡರಷ್ಟು ಆಂಪಿಯರ್ ಹರಿಯಬೇಕು. ಯಾರೋ 12 ವೋಲ್ಟ್ ಕಾರಿನ ತೆಳು ಕೇಬಲ್ ತಂದು ಹಾಕಿರುತ್ತಾರೆ, ಅರ್ಧ ಶಕ್ತಿ ಅಲ್ಲೇ ಬಿಸಿಯಾಗಿ ಹೋಗುತ್ತದೆ. ಬೆರಳು ದಪ್ಪದ ಕೇಬಲ್ ಹಾಕಿಸಿದೆ. ಅರ್ತ್ ಹಿಡಿಯುವ ಜಾಗಗಳನ್ನೆಲ್ಲ ಬಣ್ಣ ಕೆರೆದು ಬರೀ ಲೋಹ ಮಾಡಿದೆ. ಆಮೇಲೆ ಯಾರಾದರೂ ಸ್ಟಾರ್ಟರ್ ಹೊಡೆಯುತ್ತಿರುವಾಗ ಮಲ್ಟಿಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದು ಎಂಜಿನ್ ಬ್ಲಾಕ್ ಮೇಲೆ ಇಟ್ಟು ನೋಡಿ. 0.2 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ಇನ್ನೂ ಸರಿಯಾಗಿಲ್ಲ. ಹೆಡ್‌ಲೈಟಿಗೆ ರಿಲೇ ಹಾಕಿ ಮಡ್‌ಗಾರ್ಡ್ ಒಳಬದಿಯಲ್ಲಿ ಅಡಗಿಸಿದೆ. ಸ್ವಿಚ್ಚಿಗೆ ಹೊರೆ ಕಡಿಮೆ, ಬೆಳಕು ಜಾಸ್ತಿ. ವೈರಿಂಗ್ ಹೊಸದು, ಆದರೆ ಹಳೆ ಕ್ರಮದಂತೆ ಬಟ್ಟೆ ಹೆಣೆದದ್ದು. ಫ್ಯೂಸ್ ಪೆಟ್ಟಿಗೆ ಸೀಟಿನ ಅಡಿಗೆ ಹೋಯಿತು. ವೈಪರ್ ಮಾತ್ರ ಎಂಜಿನ್ ಗಾಳಿ ಎಳೆಯುವ ಬಲದಿಂದ ಓಡುವ ಹಳೆ ವ್ಯಾಕ್ಯೂಮ್ ಮೋಟರೇ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಮಳೆ ಜೋರಿದ್ದಾಗಲೇ ಅದು ಸುಸ್ತಾಗುತ್ತದೆ. ಏನು ಮಾಡೋದು, ಕಾಲು ಸ್ವಲ್ಪ ಸಡಿಲಿಸಿ ಒರೆಸಿಕೊಂಡು ಹೋಗಬೇಕು.

ಸಣ್ಣ ಭಾಗಗಳ ತುಕ್ಕಿಗೆ ವಾಷಿಂಗ್ ಸೋಡಾ ಕಲಸಿದ ನೀರು, ಬ್ಯಾಟರಿ ಚಾರ್ಜರ್ ಸಾಕು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತುಕ್ಕಿನ ಭಾಗಕ್ಕೆ ನೆಗೆಟಿವ್, ಪಕ್ಕದಲ್ಲಿ ಮುಳುಗಿಸಿದ ಗುಜರಿ ಕಬ್ಬಿಣಕ್ಕೆ ಪಾಸಿಟಿವ್. ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಬೇಡವೇ ಬೇಡ, ನೀರಿಗೆ ವಿಷದ ಕ್ರೋಮಿಯಂ ಸೇರುತ್ತದೆ. ಹೈಡ್ರೋಜನ್ ಏಳೋದರಿಂದ ಬಯಲಲ್ಲಿ ಇಡಿ, ಹತ್ತಿರ ಬೀಡಿ ಸಿಗರೇಟು ಹಚ್ಚಬೇಡಿ. ಕ್ಯಾಬಿನ್ ಮೂಲೆ ಮತ್ತು ಫ್ಲೋರ್ ಕೊಳೆತಿದ್ದ ಕಡೆ ಕತ್ತರಿಸಿ ಅದೇ ದಪ್ಪದ ತಗಡು ಬೆಸೆದೆವು.

ಒರಿಜಿನಲ್ ನೋಟ ಕೆಡೋದು ಹೆಚ್ಚಾಗಿ ಟಿಂಕರಿಂಗ್, ಪೇಂಟಿಂಗ್ ಹಂತದಲ್ಲಿ. ಕಾರ್ಖಾನೆಯಲ್ಲಿ ಸ್ಪಾಟ್ ವೆಲ್ಡ್ ಹಾಕಿದ ಕಡೆ ತಗಡಿನಲ್ಲಿ ಸಾಲಾಗಿ ಸಣ್ಣ ಗುಳಿ ಇರುತ್ತದೆ. ಕೈಚಳಕದ ಟಿಂಕರ್ ಕಣ್ಣಿಗೆ ಅದು ದೋಷ. ಪುಟ್ಟಿ ಮೆತ್ತಿ ಕನ್ನಡಿ ಹಾಗೆ ಮಾಡಿಬಿಡ್ತಾನೆ. 'ಅಣ್ಣಾ, ಈ ಗುಳಿ ಹೀಗೇ ಇರಲಿ' ಅಂದಾಗ ಅವನು ನನ್ನನ್ನು ನೋಡಿದ ರೀತಿ! ಸೀಮೆಸುಣ್ಣದಲ್ಲಿ ಒಂದೊಂದಕ್ಕೂ ಸುತ್ತು ಬರೆದು ಬಂದೆ. ಬಣ್ಣ ಯಾವುದಿತ್ತು ಅಂತ ತಿಳಿಯೋಕೆ ಗ್ಲೋವ್ ಬಾಕ್ಸ್ ತೆಗೆದು ಅದರ ಹಿಂದೆ ನೋಡಿದೆ. ಬಿಸಿಲು ಕಾಣದ ಆ ಜಾಗದಲ್ಲಿ ಹಸಿರು ಹಾಗೇ ಇತ್ತು. ಸ್ವಲ್ಪ ಪಾಲಿಶ್ ಮಾಡಿ ಅದಕ್ಕೇ ಹೊಂದಿಸಿಕೊಂಡೆವು. ಬಳಿದದ್ದು ಸಿಂಗಲ್ ಸ್ಟೇಜ್ ಪೇಂಟ್, ಮೇಲೆ ಬಣ್ಣವಿಲ್ಲದ ಹೊಳಪಿನ ಪದರ, ಅಂದರೆ ಕ್ಲಿಯರ್ ಕೋಟ್ ಇಲ್ಲ. ಕ್ಲಿಯರ್ ಹೊಡೆದರೆ ಸದಾ ಒದ್ದೆಯಾದಂತೆ ಮಿಂಚುತ್ತದೆ, ಆ ಕಾಲದ ಕೆಲಸದ ಗಾಡಿ ಹಾಗೆ ಮಿಂಚುತ್ತಿರಲಿಲ್ಲ. ಚಾಸಿಗೆ ಪೌಡರ್ ಕೋಟಿಂಗ್ ಕೂಡ ಬೇಡ ಅಂದೆ. ಕಲ್ಲು ಬಡಿದು ಒಂದು ಕಡೆ ಎದ್ದರೆ ಒಳಗೊಳಗೇ ತುಕ್ಕು ಹರಡುತ್ತದೆ, ಹೊರಗೆ ಗೊತ್ತೇ ಆಗಲ್ಲ. ಕಪ್ಪು ಬಣ್ಣವಾದರೆ ಬ್ರಷ್‌ನಲ್ಲಿ ಮತ್ತೆ ಹಚ್ಚಬಹುದು. ಬೋಲ್ಟುಗಳೂ ಅಷ್ಟೇ. ಹಳದಿ ಮಿರುಗುವ ಹೊಸ ಬೋಲ್ಟು ಒಂದೇ ಒಂದು ಬಾನೆಟ್ ಒಳಗಿದ್ದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಕಪ್ಪು ಫಾಸ್ಫೇಟ್ ಆದದ್ದನ್ನೇ ಬಳಸಿದೆ.

ಟೈರ್ ಅಗಲ ಕಡಿಮೆಯ ಬಯಾಸ್ ಪ್ಲೈ, ಅಂದರೆ ಒಳಗಿನ ದಾರದ ಪದರಗಳು ಓರೆಯಾಗಿರುವ ಹಳೆ ಬಗೆಯದ್ದು. ಡಾಂಬರಿನಲ್ಲಿ ಗೆರೆ ಸಿಕ್ಕಿದರೆ ಗಾಡಿ ಅತ್ತಿತ್ತ ಎಳೆಯುತ್ತದೆ. ರೇಡಿಯಲ್ ಹಾಕಿದರೆ ಆ ತೊಂದರೆ ಇಲ್ಲ. ಜಾಸ್ತಿ ಓಡಿಸುವವರು ಹಳೆ ವಿನ್ಯಾಸದ ರೇಡಿಯಲ್ ಹುಡುಕೋದೇ ಒಳ್ಳೆಯದು. ಸೀಟ್ ಬೆಲ್ಟ್ ಮಾತ್ರ ಚಾಸಿಯವರೆಗೆ ಬೋಲ್ಟು ಇಳಿಸಿ ಹಾಕಿದ್ದೇನೆ. ಬಳಸದಾಗ ಸೀಟಿನ ಹಿಂದೆ ಮಡಚಿಡುತ್ತೇನೆ.

ಓಡಿಸಲು ಶುರುಮಾಡಿದ ಮೇಲೆ ಎಂಜಿನ್ ತಣ್ಣಗಾದಾಗ ಹೆಡ್ ಬೋಲ್ಟುಗಳನ್ನು ಮತ್ತೊಮ್ಮೆ ಟಾರ್ಕ್ ಮಾಡಿದೆ, ಒಳಗೆ ಅಡಗಿರೋದನ್ನೂ ಸೇರಿಸಿ. ವಾಲ್ವ್‌ಗಳ ಸಂದಿ, ಅಂದರೆ ಟ್ಯಾಪೆಟ್ ಅಂತರ ನೋಡಿದೆ, ಲೀಫ್ ಸ್ಪ್ರಿಂಗಿನ ಯು-ಬೋಲ್ಟ್ ಬಿಗಿದೆ. ಟ್ರಾನ್ಸ್‌ಫರ್ ಕೇಸಿನ ಹಿಂದಿನ ಸೀಲ್ ಇನ್ನೂ ಒಂಚೂರು ಒಸರುತ್ತಿದೆ. ಅದನ್ನು ಬಿಡುವಂತಿಲ್ಲ. ಈ ಗಾಡಿಯ ಹ್ಯಾಂಡ್‌ಬ್ರೇಕ್ ಡ್ರಮ್ ಅಲ್ಲೇ ಅದರ ಬೆನ್ನಿಗಿದೆ, ಎಣ್ಣೆ ಲೈನಿಂಗಿಗೆ ಇಳಿದರೆ ಇಳಿಜಾರಿನಲ್ಲಿ ಗಾಡಿ ನಿಲ್ಲಲ್ಲ. ಸೀಲ್ ತರಿಸಿಟ್ಟಿದ್ದೇನೆ. ಅಲ್ಲಿಯವರೆಗೆ ನಿಲ್ಲಿಸಿದಾಗೆಲ್ಲ ಚಕ್ರದ ಹಿಂದೆ ಒಂದು ಮರದ ಅಡ್ಡೆ ಇಡುತ್ತಿದ್ದೇನೆ.