ಬಂದರಿನ ಬೆಕ್ಕು ಮಾತು ಬಿಟ್ಟಿದ್ದು

ನಾನು ಮಾಡಿದ ಮೊದಲ ಬೆಕ್ಕು ಬಾಯಿ ಮುಚ್ಚುತ್ತಲೇ ಇರಲಿಲ್ಲ. ಒಂದೂವರೆ ನಿಮಿಷದ ಆ್ಯನಿಮೇಶನ್, ಅದರಲ್ಲಿ ಒಂದು ನಿಮಿಷ ಬರೀ ಅದರ ಡೈಲಾಗು. "ಅಯ್ಯೋ ದೇವ್ರೇ, ಇವತ್ತು ಸಹ ಬಂಗುಡೆ ಇಲ್ವಾ?" ಅಂತ ಸೊಂಟದ ಮೇಲೆ ಕೈ ಇಟ್ಟು ಕೇಳುತ್ತಿತ್ತು. ಹುಬ್ಬು ಬೇರೆ ಹಾರಿಸುತ್ತಿತ್ತು. ಬೆಕ್ಕಿಗೆ ಹುಬ್ಬು ಎಲ್ಲಿಂದ ಬಂತು ಅಂತ ಆಗ ನನಗೆ ಹೊಳೆಯಲೇ ಇಲ್ಲ.

ಹಗಲಿಗೆ ನನ್ನ ಕೆಲಸ ಬಿಲ್ಡರ್‌ಗಳಿಗೆ ಮನೆ, ಫ್ಲ್ಯಾಟುಗಳ ತ್ರೀಡಿ ಚಿತ್ರ ಮಾಡಿಕೊಡುವುದು. ರಾತ್ರಿ ಉಡುಪಿಯ ಮನೆಯಲ್ಲಿ ಕೂತು ಬ್ಲೆಂಡರ್‌ನಲ್ಲಿ ನನಗೆ ಬೇಕಾದ್ದು ಮಾಡುತ್ತೇನೆ. (ಬ್ಲೆಂಡರ್ ಅಂದರೆ ಮಿಕ್ಸಿ ಅಲ್ಲ, ಪುಕ್ಕಟೆ ಸಿಗುವ ತ್ರೀಡಿ ಸಾಫ್ಟ್‌ವೇರ್. ಅಮ್ಮನಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.) ಕಥೆ ಸಿಕ್ಕಿದ್ದು ಮಲ್ಪೆ ಬಂದರಿನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಅಲ್ವಾ, ಆಗ ಬೋಟುಗಳೆಲ್ಲ ಒಂದಕ್ಕೊಂದು ಒತ್ತಿ ನಿಂತಿರುತ್ತವೆ, ಮೀನು ಇಳಿಸುವ ಜಾಗ ಖಾಲಿ. ಅಲ್ಲೊಂದು ಕರಿ ಬೆಕ್ಕು ಮಳೆಯಲ್ಲಿ ದಿನಾ ಬಂದು ಕೂರುತ್ತಿತ್ತು. ರಜೆ ಅಂತ ಅದಕ್ಕೆ ಯಾರು ಹೇಳಬೇಕು?

ಮನೆಯಲ್ಲಿ ತೋರಿಸಿದೆ. ಒಂದು ಸಲ ಎಲ್ಲರೂ ನಕ್ಕರು. ಎರಡನೇ ಸಲ ಯಾರಿಗೂ ಬೇಡ. ಅಕ್ಕನ ಮಗಳು ಮಾತ್ರ ನೇರವಾಗಿ ಕೇಳಿದಳು: "ಮಾಮ, ಇದು ಬೆಕ್ಕಿನ ವೇಷ ಹಾಕಿದ ಮನುಷ್ಯ ಅಲ್ವಾ?" ಅವಳಿಗೆ ಎಂಟು ವರ್ಷ. ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ನೋಡಿದ್ದು 'ಫ್ಲೋ'. 2024ರ ಚಿತ್ರ, ಲ್ಯಾಟ್ವಿಯಾ ದೇಶದ ಗಿಂಟ್ಸ್ ಝಿಲ್ಬಲೋಡಿಸ್ ಅವರದ್ದು. 2025ರಲ್ಲಿ ಆಸ್ಕರ್ ಬಂತು, ಆ ಪುಟ್ಟ ದೇಶಕ್ಕೆ ಅದೇ ಮೊದಲ ಆಸ್ಕರ್. ನಾನು ನೋಡಿದ ಕಾರಣ ಮಾತ್ರ ಬೇರೆ: ಅದನ್ನು ಮಾಡಿದ್ದೂ ಬ್ಲೆಂಡರ್‌ನಲ್ಲೇ. ಪ್ರಳಯದ ಹಾಗೆ ನೀರು ಏರುತ್ತದೆ, ಒಂದು ಬೆಕ್ಕು, ನಾಯಿ, ಕ್ಯಾಪಿಬಾರಾ (ಇಲಿ ಜಾತಿಯ ದೊಡ್ಡ ಪ್ರಾಣಿ), ಲೀಮರ್ (ಕೋತಿಯ ಹಾಗಿರುವ ಉದ್ದ ಬಾಲದ ಪ್ರಾಣಿ), ಸೆಕ್ರೆಟರಿ ಬರ್ಡ್ ಅನ್ನುವ ಉದ್ದ ಕಾಲಿನ ಹಕ್ಕಿ, ಎಲ್ಲ ಒಂದೇ ದೋಣಿಯಲ್ಲಿ. ಇಡೀ ಚಿತ್ರದಲ್ಲಿ ಒಂದೇ ಒಂದು ಮಾತಿಲ್ಲ. ಮನುಷ್ಯರು ಎಲ್ಲಿ ಹೋದರು ಅಂತಲೂ ಹೇಳುವುದಿಲ್ಲ.

ನೆಲಕ್ಕೆ ಹತ್ತಿರ ಕ್ಯಾಮೆರಾ, ಬೆಕ್ಕಿನ ಎತ್ತರಕ್ಕೆ. ಬೆಕ್ಕಿಗೆ ಗೊತ್ತಿಲ್ಲದ್ದು ನಮಗೂ ಗೊತ್ತಿಲ್ಲ. ನೀರು ಯಾಕೆ ಬಂತು ಅಂತ ಅದಕ್ಕೆ ಗೊತ್ತಿಲ್ಲ, ಅದು ಹೆದರುತ್ತದೆ, ಅಷ್ಟೇ. ಜನ ತಮ್ಮ ಬೆಕ್ಕು, ನಾಯಿಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಚಿತ್ರ ನೋಡಿ ವಿಡಿಯೋ ಹಾಕಿದ್ದರು, ಆ ಪ್ರಾಣಿಗಳೂ ಪರದೆಯನ್ನೇ ನೋಡುತ್ತಿದ್ದವು. ಮೊದಲು ಇದೆಂತ ಹುಚ್ಚು ಅಂದುಕೊಂಡೆ. ಚಿತ್ರ ಮುಗಿಯುವಾಗ ಅರ್ಥ ಆಯ್ತು. ನಾವು ಅಲ್ಲಿ ನೋಡುವುದು ನಮ್ಮ ಮನೆಯ ಬೆಕ್ಕನ್ನು. ಅದು ಬಾಯಿ ಬಿಟ್ಟು ಹೇಳಿದ್ದರೆ ಚಿತ್ರ ಮಾಡಿದವರ ಬೆಕ್ಕು ಆಗುತ್ತಿತ್ತು.

ಹಾಗಂತ ಮಾತಾಡುವ ಪ್ರಾಣಿಯೇ ತಪ್ಪು ಅಂತ ಅಲ್ಲ. ಪುಣ್ಯಕೋಟಿ ಮಾತಾಡುತ್ತಾಳೆ, ನಾವು ಈಗಲೂ ಅಳುತ್ತೇವೆ. ಯಕ್ಷಗಾನದ ಹನುಮಂತ, ಜಾಂಬವಂತ ಗಂಟೆಗಟ್ಟಲೆ ಅರ್ಥ ಹೇಳಿದರೂ ಬೇಜಾರಾಗುವುದಿಲ್ಲ. ಆದರೆ ಹುಲಿವೇಷದ ಹುಲಿ ಮಾತಾಡಿದ್ದು ನೋಡಿದ್ದೀರಾ? ಎರಡು ಕಾಲಲ್ಲಿ ನಿಂತ, ಮೈಗೆ ಪಟ್ಟೆ ಬಳಿದ ಮನುಷ್ಯ ಅಂತ ಎಲ್ಲರಿಗೂ ಗೊತ್ತು, ಆದರೂ ತಾಸೆ ಅನ್ನುವ ವಾದ್ಯ ಹೊಡೆದಾಗ ಅವನು ಬಗ್ಗಿ ಒಂದು ನೋಟ ನೋಡಿದರೆ ಮಕ್ಕಳು ಅಮ್ಮನ ಸೆರಗಿನ ಹಿಂದೆ ಹೋಗುತ್ತವೆ. ನಾನು ಚಿಕ್ಕವನಿದ್ದಾಗ ಒಂದು ಅಷ್ಟಮಿಗೆ ಮರಿ ಹುಲಿ ಆಗಿದ್ದೆ. ಬಣ್ಣ ಒಣಗುವ ತನಕ ಕೋಲು ಹಿಡಿದು ಕೈ ಅಗಲಿಸಿ ನಿಲ್ಲಬೇಕು, ಮೈಯೆಲ್ಲ ಉರಿ. ಕಲಿಸಿದವರು ಹೆಜ್ಜೆಗಿಂತ ಜಾಸ್ತಿ ಬೈದದ್ದು ಕುತ್ತಿಗೆ ತಿರುಗಿಸಿದ್ದಕ್ಕೆ. "ಹುಲಿ ಬಸ್ಸು ಕಾಯುವವನ ಹಾಗೆ ತಿರುಗಿ ನೋಡ್ತದಾ?" ಅಂತ. ಅದು ಇಷ್ಟು ವರ್ಷ ಆದ ಮೇಲೆ ಕಂಪ್ಯೂಟರ್ ಮುಂದೆ ನೆನಪಾಯ್ತು.

ಡೈಲಾಗೆಲ್ಲ ಅಳಿಸಿದೆ. ಹುಬ್ಬೂ ಹೋಯ್ತು. ಆಗ ಗೊತ್ತಾಯ್ತು, ಬೆಕ್ಕಿನಲ್ಲಿ ಏನೂ ಉಳಿದೇ ಇಲ್ಲ. ನಡೆಯಲಿಕ್ಕೂ ಬರುತ್ತಿರಲಿಲ್ಲ.

ಎರಡು ವಾರ ಬಂದರಿಗೆ ಹೋಗಿ ಸುಮ್ನೆ ಕೂತು ನೋಡಿದೆ, ಫೋನಿನಲ್ಲಿ ಸ್ಲೋ ಮೋಷನ್ ತೆಗೆದೆ. ಬೆಕ್ಕು ನಡೆಯುವಾಗ ಮುಂದಿನ ಕಾಲು ಇಟ್ಟ ಜಾಗದಲ್ಲೇ ಹೆಚ್ಚುಕಮ್ಮಿ ಹಿಂದಿನ ಕಾಲು ಇಡುತ್ತದೆ. ಶಬ್ದ ಕಡಿಮೆ ಆಗುವುದಕ್ಕೆ ಅದೂ ಒಂದು ಕಾರಣ. ನನ್ನ ಬೆಕ್ಕು ನಾಲ್ಕು ಕಡೆ ನಾಲ್ಕು ಕಾಲು ಊರಿ ಟೇಬಲ್ ನಡೆದ ಹಾಗೆ ನಡೆಯುತ್ತಿತ್ತು. ಇನ್ನೊಂದು ಕಿವಿಯ ವಿಷಯ. ಶಬ್ದ ಕೇಳಿದರೆ ಬೆಕ್ಕಿನ ಕಿವಿ ಮೊದಲು ತಿರುಗುತ್ತದೆ, ತಲೆ ಆಮೇಲೆ, ಮೈ ಬೇಕಾದರೆ ಮಾತ್ರ. ಕಿವಿಗೂ ತಲೆಗೂ ನಡುವೆ ನಾಲ್ಕೈದು ಫ್ರೇಮ್ (ಆ್ಯನಿಮೇಶನ್‌ನ ಒಂದೊಂದು ಬಿಡಿ ಚಿತ್ರ) ಬಿಟ್ಟೆ ನೋಡಿ, ಅಷ್ಟರಲ್ಲೇ ಅದಕ್ಕೆ ಜೀವ ಬಂತು. ಮತ್ತೆ ಸುಮ್ಮನಿರುವುದು. ಎರಡು ಸೆಕೆಂಡು ಏನೂ ಮಾಡದೆ ಬರೀ ಉಸಿರಾಡುತ್ತಾ ಸಮುದ್ರ ನೋಡುವ ಶಾಟ್ ಮಾಡಲಿಕ್ಕೆ ನನಗೆ ಆರು ರಾತ್ರಿ ಬೇಕಾಯ್ತು, ಯಾಕಂದ್ರೆ ಏನಾದರೂ ಅಲ್ಲಾಡಿಸದಿದ್ದರೆ ಜನ ನೋಡುವುದಿಲ್ಲ ಅನ್ನುವ ಹೆದರಿಕೆ ಹೋಗುತ್ತಲೇ ಇರಲಿಲ್ಲ.

ಧ್ವನಿಯಲ್ಲಿ ಬೇರೆ ಪಾಠ. 'ಫ್ಲೋ'ದಲ್ಲಿ ನಿಜವಾದ ಪ್ರಾಣಿಗಳ ಸ್ವರವನ್ನೇ ಬಳಸಿದ್ದಾರೆ, ಆದರೆ ಕ್ಯಾಪಿಬಾರಾದ ಸ್ವರ ತೀರಾ ಕೀರಲು, ಅದರ ದೊಡ್ಡ ನಿಧಾನದ ಮೈಗೆ ಹೊಂದಲಿಲ್ಲ ಅಂತ ಒಂಟೆ ಮರಿಯ ಸ್ವರ ಹಾಕಿದರು. ನನಗಂತೂ ನೋಡುವಾಗ ಗೊತ್ತೇ ಆಗಲಿಲ್ಲ. ನಾನು ಮಲ್ಪೆಯಲ್ಲಿ ರೆಕಾರ್ಡ್ ಮಾಡಿದ್ದರಲ್ಲಿ ಮುಕ್ಕಾಲು ಪಾಲು ಬರೀ ಗಾಳಿ. ಬೆಕ್ಕು ಬಾಯಿಯೇ ತೆರೆಯಲಿಲ್ಲ. ಆಮೇಲೆ ಓದಿದಾಗ ತಿಳಿಯಿತು, ಬೆಳೆದ ಸಾಕುಬೆಕ್ಕುಗಳು ಮಿಯಾಂವ್ ಅನ್ನುವುದು ಹೆಚ್ಚಾಗಿ ಮನುಷ್ಯರ ಹತ್ತಿರ, ತಮ್ಮತಮ್ಮಲ್ಲಿ ಅಲ್ಲ. ಸರಿ, ಒಂದೇ ಮಿಯಾಂವ್ ಇಟ್ಟೆ: ಬುಟ್ಟಿ ಹಿಡಿದ ಮೀನು ಮಾರುವ ಹೆಂಗಸೊಬ್ಬರು ಪಕ್ಕದಲ್ಲಿ ಹಾದು ಹೋಗುವಾಗ. ಬುಟ್ಟಿ ಖಾಲಿ.

ರೆಂಡರಿಂಗ್ (ಮಾಡಿಟ್ಟ ದೃಶ್ಯವನ್ನು ಕಂಪ್ಯೂಟರ್ ಕೊನೆಯ ಚಿತ್ರಗಳಾಗಿ ತೆಗೆದುಕೊಡುವುದು) ಕಥೆ ಚಿಕ್ಕದಾಗಿ ಹೇಳುತ್ತೇನೆ, ಇದೇ ಕೆಲಸ ಮಾಡುವವರಿಗೆ ಬೇಕಾದೀತು. 90 ಸೆಕೆಂಡು, ಸೆಕೆಂಡಿಗೆ 24 ಫ್ರೇಮ್, ಒಟ್ಟು 2160. ಮೊದಲು ಬ್ಲೆಂಡರ್‌ನ ನಿಧಾನದ ರೆಂಡರ್ ವಿಧಾನ ಸೈಕಲ್ಸ್‌ನಲ್ಲಿ ಹಾಕಿದೆ, ಫ್ರೇಮಿಗೆ ಮೂರು ನಿಮಿಷ, ಅಂದರೆ ನಾಲ್ಕೂವರೆ ದಿನ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ನಾಲ್ಕೂವರೆ ದಿನ ಹೋಗದೆ ಇರುತ್ತದಾ? ನೇರ ವಿಡಿಯೋ ಫೈಲ್‌ಗೇ ರೆಂಡರ್ ಕೊಟ್ಟಿದ್ದೆ, ಕರೆಂಟು ಹೋಯ್ತು, ಫೈಲೂ ಹೋಯ್ತು. ಫ್ರೇಮ್ ಫ್ರೇಮಾಗಿ ಚಿತ್ರ ಸೇವ್ ಮಾಡಿ, ಕೊನೆಗೆ ಜೋಡಿಸಿ. ಆಮೇಲೆ ಬ್ಲೆಂಡರ್‌ನದ್ದೇ ವೇಗದ ವಿಧಾನ ಈವೀಗೆ ಬಂದೆ, 'ಫ್ಲೋ'ದವರು ಬಳಸಿದ್ದೂ ಅದನ್ನೇ. ಕೂದಲು ಕೂದಲಾಗಿ ಮಾಡಿದ್ದ ತುಪ್ಪಳ ತೆಗೆದು ಕುಂಚದಲ್ಲಿ ಬಳಿದ ಹಾಗೆ ಬಣ್ಣ ಕೊಟ್ಟೆ. ಫ್ರೇಮಿಗೆ ಆರು ಸೆಕೆಂಡು. ನಾಲ್ಕು ಗಂಟೆಯೊಳಗೆ ಮುಗಿಯಿತು.

ಒಂದು ತಕರಾರು ಇದೆ ನನಗೆ. 'ಫ್ಲೋ'ದಲ್ಲಿ ಆ ಹಕ್ಕಿ ದೋಣಿಯ ಚುಕ್ಕಾಣಿ ಹಿಡಿದು ನಡೆಸುತ್ತದೆ. ಅದು ಯಾವ ಹಕ್ಕಿ ಮಾಡುವ ಕೆಲಸ? ಆದರೆ ನೋಡುವಾಗ ಯಾರೂ ಕೇಳುವುದಿಲ್ಲ, ನಾನೂ ಕೇಳಲಿಲ್ಲ. ಅಷ್ಟು ಹೊತ್ತಿಗೆ ಅವುಗಳ ಮೈ, ನಡೆ, ಹೆದರಿಕೆ ಎಲ್ಲ ನಂಬಿ ಆಗಿರುತ್ತದೆ, ಒಂದು ದೊಡ್ಡ ಸುಳ್ಳನ್ನು ಸುಮ್ಮನೆ ಒಪ್ಪಿಕೊಳ್ಳುತ್ತೇವೆ. ನಾನು ಮೊದಲ ಸಲ ಮಾಡಿದ್ದು ಉಲ್ಟಾ: ಕಥೆ ನಿಜ, ಬೆಕ್ಕು ಸುಳ್ಳು.

ಹೊಸದನ್ನು ನಮ್ಮ ವಠಾರದ ಆರು ಮಕ್ಕಳಿಗೆ ತೋರಿಸಿದೆ. ಬೆಕ್ಕು ಬೋಟಿನ ಅಡಿಗೆ ಹೋಗಿ ಕೂರುವಲ್ಲಿ ಒಬ್ಬ ತುಳುವಿನಲ್ಲಿ "ಪುಚ್ಚೆಗ್ ಪೋಡಿಗೆ ಆಪುಂಡು" ಅಂದ. ಇನ್ನೊಬ್ಬ, ಇಲ್ಲ, ಹೆದರಿಕೆ ಅಲ್ಲ, "ಐಕ್ ಬಡವಾಪುಂಡು", ಹಸಿವು ಅಂತ. ಮೂರನೆಯವಳಿಗೆ ಅದರ ಅಮ್ಮ ಆ ಬೋಟಿನಲ್ಲಿ ಹೋಗಿದ್ದಾಳೆ ಅಂತ ಖಾತ್ರಿ. ಜಗಳ ಶುರುವಾಯ್ತು. ನಾನು ಬಾಯಿ ಬಿಡಲಿಲ್ಲ.

ಅಕ್ಕನ ಮಗಳು ಅವತ್ತು ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳಿದಳು, "ಮಾಮ, ಆಗಸ್ಟ್ ಬಂದ ಕೂಡ್ಲೇ ಅದಕ್ಕೆ ಮೀನು ಸಿಗ್ತದಲ್ವಾ?"

"ಸಿಗ್ತದೆ, ಬೋಟು ಹೋಗಿ ಬರಬೇಕಷ್ಟೆ" ಅಂದೆ. ಅವಳು ಒಂದು ಕ್ಷಣ ಯೋಚಿಸಿ, ತಟ್ಟೆಯ ಮೀನಿನ ತಲೆಯನ್ನು ಬದಿಗೆ ತೆಗೆದಿಟ್ಟಳು.