ಓಕ್ ಹಲಗೆ, ಟಾರು ಮತ್ತು ಕುದುರೆ ಲದ್ದಿ

ಕಾಲುವೆಯ ಮರದ ದೋಣಿ ಕೊಳೆಯುವುದು ಮೇಲಿನಿಂದ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಇದನ್ನು ನಂಬಿಸುವುದೇ ಕಷ್ಟ. ಸದಾ ನೀರಿನಡಿ ಇರುವ ತಳದ ಎಲ್ಮ್ ಹಲಗೆಗೆ ಗಾಳಿ ಸೋಕುವುದಿಲ್ಲ, ಹಾಗಾಗಿ ಅದಕ್ಕೆ ಬೂಷ್ಟು ಹಿಡಿಯುವುದೂ ಅಪರೂಪ. ಮಳೆನೀರಿನ ವಿಷಯ ಬೇರೆ. ಅದು ಮೇಲಂಚಿನ ಸಂದುಗಳಿಗೆ ಇಳಿದು, ಮರ ನೆನೆದು ಒಣಗಿ, ಮತ್ತೆ ನೆನೆದು ಒಣಗಿ, ಓಕ್‌ನಂಥ ಗಟ್ಟಿ ಮರವೂ ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಸ್ಥಿತಿಗೆ ಬರುತ್ತದೆ. ಮ್ಯಾಂಚೆಸ್ಟರ್ ಸೀಮೆಯಲ್ಲಿ ಮಳೆಗೇನೂ ಬರವಿಲ್ಲ. ರಿಪೇರಿಗೆ ಹಣ ಹೊಂದುವವರೆಗೆ ಹಳೆಯ ದೋಣಿಯನ್ನು ಬೇಕೆಂದೇ ನೀರಲ್ಲಿ ಮುಳುಗಿಸಿಡುತ್ತಿದ್ದರು ಎಂದರೆ ಅದು ಹುಚ್ಚಾಟವಲ್ಲ, ಲೆಕ್ಕಾಚಾರ.

ನಾನು ವಾರದಲ್ಲಿ ಐದು ದಿನ ಕಂಪ್ಯೂಟರ್ ಮುಂದೆ ಕೂರುವವನು. ಶನಿವಾರ ಬಂದರೆ ಹಳೆಯ ಮರದ ದೋಣಿಗಳ ರಿಪೇರಿಗೆಂದು ಮ್ಯಾಂಚೆಸ್ಟರ್ ಬಳಿಯ ಆಷ್ಟನ್-ಅಂಡರ್-ಲೈನ್ ಕಡೆಗೆ ಹೊರಡುತ್ತೇನೆ. ಅಲ್ಲಿನ ಪೋರ್ಟ್‌ಲ್ಯಾಂಡ್ ಬೇಸಿನ್‌ನಲ್ಲಿ ಆಷ್ಟನ್, ಪೀಕ್ ಫಾರೆಸ್ಟ್, ಹಡರ್ಸ್‌ಫೀಲ್ಡ್ ನ್ಯಾರೋ ಎಂಬ ಮೂರು ಕಾಲುವೆಗಳು ಕೂಡುತ್ತವೆ. ಹೂಳು ತುಂಬಿ ಮುಚ್ಚಿಹೋಗಿದ್ದ ಮೊದಲೆರಡನ್ನು ಸ್ವಯಂಸೇವಕರು ಗುದ್ದಲಿ ಹಿಡಿದು ಎತ್ತಿದ್ದರಿಂದಲೇ ಅವು 1974ರಲ್ಲಿ ಮತ್ತೆ ತೆರೆದವು. ಕಾಲುವೆ ಉಳಿಯಿತು. ಆದರೆ ಅದರ ಮೇಲೆ ಕಲ್ಲಿದ್ದಲು ಹೊತ್ತ ಮರದ ದೋಣಿಗಳು ಅಷ್ಟರಲ್ಲಿ ಬಹುಪಾಲು ಹೋಗಿಬಿಟ್ಟಿದ್ದವು. 1948ರಲ್ಲಿ ಕಾಲುವೆಗಳು ಸರ್ಕಾರದ ಪಾಲಾದವು. 1962–63ರ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ವಾರಗಟ್ಟಲೆ ಸಾಗಾಟ ನಿಂತಿತು, ಸರ್ಕಾರಿ ದೋಣಿಗಳ ಸಾಗಾಟ ಅದೇ ವರ್ಷ ಹೆಚ್ಚುಕಡಿಮೆ ಮುಗಿಯಿತು. ಸುಟ್ಟ ದೋಣಿಗಳೆಷ್ಟೋ, ಹಳ್ಳದಲ್ಲಿ ಮುಳುಗಿಸಿದವೆಷ್ಟೋ.

ದೋಣಿಯ ಉದ್ದ ಸುಮಾರು 70 ಅಡಿ, ಅಗಲ ಬರೀ 7 ಅಡಿ. ಅದಕ್ಕಿಂತ ಅಗಲವಾದರೆ ಲಾಕ್‌ಗಳಲ್ಲಿ, ಅಂದರೆ ದೋಣಿಯನ್ನು ನೀರಿನ ಮಟ್ಟದಿಂದ ಮಟ್ಟಕ್ಕೆ ಏರಿಸಿ ಇಳಿಸುವ ಇಕ್ಕಟ್ಟಾದ ಕಟ್ಟೆಗಳಲ್ಲಿ, ತೂರುವುದಿಲ್ಲ. ಈ ಪ್ರಮಾಣವೇ ರಿಪೇರಿಯವರ ತಲೆನೋವು. ದೋಣಿಯನ್ನು ನೀರಿನಿಂದ ಎತ್ತಿ ಒಣನೆಲದಲ್ಲಿ ಕೂರಿಸಿದ ಕೂಡಲೇ ಎರಡೂ ತುದಿಗಳು ಜೋತುಬೀಳಲು ನೋಡುತ್ತವೆ. ಆದ್ದರಿಂದ ಮೊದಲ ಕೆಲಸ ಉಳಿಯದಲ್ಲ, ದಿಮ್ಮಿಯದು. ಉದ್ದಕ್ಕೂ ಆಸರೆ ಕೊಟ್ಟು, ದಾರ ಎಳೆದು ಮೂಲ ಬಾಗು ಎಲ್ಲಿತ್ತೆಂದು ಗುರುತಿಸಿಕೊಳ್ಳಬೇಕು. ಇನ್ನೊಂದು ನಿಯಮವನ್ನು ನಾನು ಎಲ್ಲರಿಗೂ ಹೇಳುತ್ತೇನೆ: ಕೊಳೆತದ್ದನ್ನೆಲ್ಲ ಒಮ್ಮೆಗೇ ಕೀಳಬೇಡಿ. ಒಂದು ಹಲಗೆ ತೆಗೆಯಿರಿ, ಅದರ ಅಚ್ಚು ಪ್ಲೈವುಡ್ ಮೇಲೆ ಬರೆದುಕೊಳ್ಳಿ, ಹೊಸದನ್ನು ಕೂರಿಸಿ, ಆಮೇಲೆ ಪಕ್ಕದ್ದಕ್ಕೆ ಕೈ ಹಾಕಿ. ಉತ್ಸಾಹದಲ್ಲಿ ಬದಿಯನ್ನೆಲ್ಲ ಬಿಚ್ಚಿದರೆ ದೋಣಿಯ ಆಕಾರ ಎಲ್ಲಿತ್ತೆಂದು ಹೇಳಲು ದೋಣಿಯೇ ಇರುವುದಿಲ್ಲ.

ಬದಿಯ ಹಲಗೆಗೆ ಎರಡು ಅಂಗುಲದಷ್ಟು ದಪ್ಪದ ಓಕ್ ಬೇಕು. ಭಟ್ಟಿಯಲ್ಲಿ ಒಣಗಿಸಿದ ಮರ ಬೇಡ, ಬಗ್ಗಿಸುವಾಗ ಸೀಳುತ್ತದೆ. ಹಸಿ ಮರವೇ ಒಳ್ಳೆಯದು. ಮೂತಿಯ ಹತ್ತಿರ ಹಲಗೆ ಬಾಗಬೇಕು, ಜೊತೆಗೆ ತಿರುಚಿಕೊಳ್ಳಲೂ ಬೇಕು. ಅದಕ್ಕಾಗಿ ಉದ್ದನೆಯ ಮರದ ಪೆಟ್ಟಿಗೆಯೊಳಗೆ ಮಲಗಿಸಿ ಹಬೆ ಹಾಯಿಸುತ್ತೇವೆ. ಅಂಗುಲ ದಪ್ಪಕ್ಕೆ ಒಂದು ಗಂಟೆ ಎಂಬುದು ಕೈಲೆಕ್ಕ. ಆ ಎರಡು ಗಂಟೆ ಚಹಾ ಕುಡಿದುಕೊಂಡು ರಾಜಕೀಯ ಮಾತಾಡಬಹುದು. ಪೆಟ್ಟಿಗೆಯ ಬಾಗಿಲು ತೆರೆದ ಮೇಲೆ ಮಾತಿಲ್ಲ. ಹಲಗೆ ಬಗ್ಗುವ ಗುಣ ಉಳಿಸಿಕೊಳ್ಳುವುದು ಕೆಲವೇ ನಿಮಿಷ. ದಪ್ಪ ಕೈಗವಸು ತೊಟ್ಟು ಆರೆಂಟು ಜನ ಎತ್ತಿಕೊಂಡು ಓಡುತ್ತೇವೆ. ಮೂತಿಯ ಕಡೆ ಕ್ಲಾಂಪ್ ಬಿಗಿದು, ಅಲ್ಲಿಂದ ಹಿಂದಕ್ಕೆ ಒಂದೊಂದಾಗಿ ಬಿಗಿಯುತ್ತ ಬರುತ್ತೇವೆ. ಮರ ಕಿರುಗುಟ್ಟುತ್ತದೆ, ಬಿಸಿ ಓಕ್‌ನ ಹುಳಿವಾಸನೆ ಮೂಗಿಗೆ ಅಡರುತ್ತದೆ. ಎಲ್ಲರೂ ಒಟ್ಟಿಗೆ ಕೂಗುತ್ತಾರೆ, ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಕೊನೆಯ ಕ್ಲಾಂಪ್ ಕೂತಾಗ ಹಲಗೆಯ ಅಂಚು ಕೆಳಗಿನ ಹಲಗೆಯ ಅಂಚಿಗೆ ಅಂಟಿದಂತೆ ನಿಲ್ಲಬೇಕು. ನಿಲ್ಲದಿದ್ದರೆ ಸುತ್ತಿಗೆ, ಬೆಣೆ, ಬೈಗುಳ. ಆ ದಿನ ಸಂಜೆ ಬೆರಳುಗಳೆಲ್ಲ ನೀಲಿಗಪ್ಪು: ಓಕ್‌ನ ರಸಕ್ಕೆ ಕಬ್ಬಿಣ ಸೋಕಿದರೆ ಶಾಯಿಯಾಗುತ್ತದೆ, ಸೋಪಿಗೆ ಜಗ್ಗುವುದಿಲ್ಲ.

ತಳದ ಹಲಗೆಗಳನ್ನು ಅಡ್ಡಡ್ಡ ಜೋಡಿಸುತ್ತಾರೆ. ಅದಕ್ಕೆ ಎಲ್ಮ್ ಬೇಕು, ಆದರೆ 1960ರ ದಶಕದ ಕೊನೆಯಿಂದ ಹರಡಿದ ರೋಗ ಬ್ರಿಟನ್ನಿನ ಎಲ್ಮ್ ಮರಗಳನ್ನು ಕೋಟಿಗಟ್ಟಲೆ ನುಂಗಿದೆ. ಅಗಲವಾದ ಒಳ್ಳೆಯ ಹಲಗೆ ಎಲ್ಲಾದರೂ ಇದೆಯೆಂದು ಸುದ್ದಿ ಬಂದರೆ ವ್ಯಾನ್ ಹೊರಟೇ ಬಿಡುತ್ತದೆ.

ಸಂಪ್ರದಾಯದ ಪ್ರಕಾರ ದೋಣಿಯ ಬದಿಹಲಗೆಗೂ ಒಳಗಿನ ತೆಳು ಹಲಗೆಗೂ ನಡುವೆ ಬಳಿಯುವುದು ಚಾಲಿಕೋ: ಟಾರು, ದನದ ಕೂದಲು, ಕುದುರೆ ಲದ್ದಿ. ಇದನ್ನು ಬಿಸಿ ಮಾಡಿ ಕಲಸುವಾಗ ನನ್ನ ಇಂಗ್ಲಿಷ್ ಗೆಳೆಯರು ಮುಖ ಕಿವುಚುತ್ತಾರೆ. ಸಗಣಿ ಸಾರಿಸಿದ ಅಂಗಳದಲ್ಲಿ ಬೆಳೆದ ನನಗೆ ಆ ಕೆಲಸ ತಾನಾಗಿಯೇ ಒಲಿದು ಬಂದಿದೆ. ಬಿಸಿಯಲ್ಲಿ ಹದ ಗೊತ್ತಾಗುವುದು ಕಡ್ಡಿಯಿಂದ: ಎತ್ತಿದರೆ ಹರಿದು ಹೋಗಬಾರದು, ಮುದ್ದೆಯಾಗಿಯೂ ನಿಲ್ಲಬಾರದು. ಸಂದುಗಳಿಗೆ ಟಾರು ಹಚ್ಚಿದ ಸೆಣಬಿನ ನಾರನ್ನು ಮೊಂಡು ಉಳಿ ಮತ್ತು ಕೊಡತಿಯಿಂದ ತುಂಬುತ್ತೇವೆ. ಸದ್ದು ಮಂಕಾಗಿದ್ದರೆ ಇನ್ನೂ ಹೋಗುತ್ತದೆ, ಟಣ್ ಎಂದರೆ ಸಾಕು. ಹೆಚ್ಚು ಬಡಿದರೆ ಹಲಗೆಗಳೇ ದೂರ ಸರಿಯುತ್ತವೆ.

ಇಷ್ಟೆಲ್ಲ ಮರ ಬದಲಿಸಿದ ಮೇಲೆ ಹಳೆಯ ದೋಣಿ ಎಲ್ಲಿ ಉಳಿಯಿತು ಎಂದು ಕೇಳುವವರಿದ್ದಾರೆ. ನನಗೆ ಅದು ಕುರ್ಚಿಯಲ್ಲಿ ಕೂತು ಕೇಳುವ ಪ್ರಶ್ನೆ. ಈ ದೋಣಿಗಳನ್ನು ಕೆಲಸದಲ್ಲಿದ್ದಾಗಲೂ ಹೀಗೆಯೇ ಹಲಗೆ ಬದಲಿಸಿ ಓಡಿಸುತ್ತಿದ್ದರು. ಷೆಡ್ಡಿನಲ್ಲಿ ಒಣಗುತ್ತಿರುವ ಅಸಲಿ ಮರಕ್ಕಿಂತ ನೀರಲ್ಲಿ ಓಡಾಡುವ ದೋಣಿ ನನಗೆ ಇಷ್ಟ. 1914ರಲ್ಲಿ ಕಟ್ಟಿದ 'ಹೇಜಲ್' ಎಂಬ ದೋಣಿ ಇದೇ ಆಷ್ಟನ್‌ನಲ್ಲಿ ಹೊಸ ಜೀವ ಪಡೆದು, ಮನಸ್ಸು ದಣಿದವರನ್ನು ಕಾಲುವೆಯ ಮೇಲೆ ಸುತ್ತಾಡಿಸುತ್ತಿದೆ. ಅಂಥ ಕೆಲಸ ಸಿಕ್ಕರೆ ಮರಕ್ಕೂ ಕ್ಷೇಮ, ಏಕೆಂದರೆ ಬಳಸುವ ದೋಣಿಯ ಸೋರುವ ಮಾಡು ಯಾರದಾದರೂ ಕಣ್ಣಿಗೆ ಬೀಳುತ್ತದೆ.

ನೀರಿಗಿಳಿಸಿದ ಮೊದಲ ರಾತ್ರಿ ದೋಣಿ ಸೋರಿಯೇ ಸೋರುತ್ತದೆ. ಗಾಬರಿ ಬೇಡ, ಮರ ನೀರು ಕುಡಿದು ಉಬ್ಬಿ ಸಂದು ಮುಚ್ಚುವವರೆಗೆ ಪಂಪು ನಡೆಯುತ್ತಿರಲಿ, ಸರದಿಯ ಮೇಲೆ ಒಬ್ಬರು ಎಚ್ಚರವಿರಲಿ. ಇಂಗ್ಲೆಂಡಿನಲ್ಲಿರುವ ಕನ್ನಡಿಗರಲ್ಲಿ ಯಾರಿಗಾದರೂ ಕೈಜೋಡಿಸುವ ಮನಸ್ಸಿದ್ದರೆ ಉಪಕರಣ ಬೇಕಿಲ್ಲ, ಬಡಗಿ ಕೆಲಸವೂ ಗೊತ್ತಿರಬೇಕಿಲ್ಲ. ಹಲಗೆ ಹೊರಲು ಹೆಗಲು ಸಾಕು. ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ. ಟಾರಿನ ವಾಸನೆ ಕಾರಿನ ಸೀಟಿಗೂ ಹತ್ತುತ್ತದೆ, ಹಾಗಾಗಿ ಬಸ್ಸಿನಲ್ಲಿ ಬಂದರೆ ಮನೆಯವರ ಜೊತೆ ಜಗಳ ತಪ್ಪುತ್ತದೆ.